ಜಿಪಿಎ ಬರೆದುಕೊಟ್ಟ ವಕೀಲ ಕೊಲೆಗೂ ಪಾಲುದಾರನೇ? ಹದಿನಾಲ್ಕನೇ ಅಧ್ಯಾಯದಲ್ಲಿ ಸಿಕ್ಕಿಕೊಂಡಿದ್ದೇನೆ

ಮೊದಲ ಕಾದಂಬರಿ:
ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಒಂದು ಕಾದಂಬರಿ ಬರೆಯುತ್ತಿದ್ದೇನೆ. ನಾನು ವಕೀಲನಲ್ಲ, ಔಷಧಿ ಅಂಗಡಿ ಇಟ್ಟುಕೊಂಡವನು. ಕೋರ್ಟಿನ ಮೆಟ್ಟಿಲು ಹತ್ತಿದ್ದು ಒಂದೇ ಸಲ, ಅದೂ ಚೆಕ್ ಬೌನ್ಸ್ ವಿಷಯಕ್ಕೆ.

ಕಥೆ 1996ರ ಬೆಂಗಳೂರಿನದು. ಬಸವನಗುಡಿಯಲ್ಲಿ ಹಳೆಯ ಹೆಂಚಿನ ಮನೆ, ಮಕ್ಕಳಿಲ್ಲದ ಒಬ್ಬ ಅಜ್ಜಿ, ರೈಲ್ವೆಯಲ್ಲಿದ್ದ ಗಂಡನ ಕುಟುಂಬ ಪಿಂಚಣಿ. ಅಜ್ಜಿ ತನ್ನ ಸೋದರಳಿಯನ ಹೆಸರಿಗೆ ಜಿಪಿಎ (ತನ್ನ ಪರವಾಗಿ ವ್ಯವಹಾರ ಮಾಡಲು ಕೊಡುವ ಅಧಿಕಾರ ಪತ್ರ) ಬರೆದುಕೊಟ್ಟಿದ್ದಾರೆ. ಅದನ್ನು ಸಿದ್ಧಪಡಿಸಿದವನು ನನ್ನ ಕಥಾನಾಯಕ, ಕಚೇರಿಯ ಬಾಡಿಗೆ ಕಟ್ಟಲು ಒದ್ದಾಡುವ ವಕೀಲ. ಶುಲ್ಕದ ಬದಲು ಮನೆ ಮಾರಿದ ಹಣದಲ್ಲಿ ನೂರಕ್ಕೆ ಐದು ಅವನಿಗೆ ಎಂದು ಮಾತಾಗಿದೆ. ಕೊಳ್ಳುವವನಿಗೆ ಕಾಗದಪತ್ರ ನೋಡಿ "ಎಲ್ಲ ಸರಿಯಾಗಿದೆ" ಎಂದು ಬರೆದುಕೊಟ್ಟವನೂ ಅವನೇ. ಗುರುವಾರ ನೋಂದಣಿ. ಮಂಗಳವಾರ ರಾತ್ರಿ ಸೋದರಳಿಯ ಬಂದು, "ಅತ್ತೆ ಕಾಶಿಗೆ ಹೋಗಿಲ್ಲ ಸರ್" ಎನ್ನುತ್ತಾನೆ. ಹಿತ್ತಲಿನ ಬಾವಿ ಮುಚ್ಚಿಸಿ ಮೂರು ತಿಂಗಳಾಗಿದೆ.

ಕಕ್ಷಿದಾರನ ಗುಟ್ಟನ್ನು ಹೊರಗೆ ಹಾಕುವಂತಿಲ್ಲ ಎಂದು ನನ್ನ ವಕೀಲ ಮೂರು ಅಧ್ಯಾಯ ನಿದ್ದೆಗೆಟ್ಟು ನರಳುತ್ತಾನೆ. ಹಸ್ತಪ್ರತಿ ಓದಿದ ಗೆಳೆಯರೊಬ್ಬರು "ಈ ನರಳಾಟಕ್ಕೆ ಕಾನೂನಿನಲ್ಲಿ ಜಾಗವೇ ಇಲ್ಲ" ಎಂದುಬಿಟ್ಟರು. ಬಲ್ಲವರು ಹೇಳಿ. ಅವನು ಬಾಯಿ ಮುಚ್ಚಿಕೊಂಡಿರಬೇಕೇ, ಬೇಡವೇ?

ಸಂಶಯ ಪಿಶಾಚಿ:
ಪೊಲೀಸರಿಗೆ ಹೇಳಬೇಕು. ಕಾದಂಬರಿ ಮುಗಿಯಿತು. ಮುಂದಿನ ಪ್ರಶ್ನೆ?

ಕರಿಕೋಟು:
ಅಷ್ಟು ಸುಲಭವಲ್ಲ ಪಿಶಾಚಿಗಳೇ.

1996ರ ಕಥೆಯಾದ್ದರಿಂದ ಹಳೆಯ ಸಾಕ್ಷ್ಯ ಕಾಯ್ದೆಯನ್ನೇ ನೋಡಬೇಕು. 1872ರ ಕಾಯ್ದೆಯ 126ನೇ ಕಲಂ, ಕಕ್ಷಿದಾರ ವಕೀಲನಿಗೆ ಹೇಳಿದ ಗುಟ್ಟಿನದು. (2024ರ ಜುಲೈ 1ರಿಂದ ಬಂದ ಹೊಸ ಅಧಿನಿಯಮದಲ್ಲಿ ಅದು 132.) ಕಲಮಿನ ಕೆಳಗೆ ಕೊಟ್ಟಿರುವ ಉದಾಹರಣೆಗಳೇ ನಿಮ್ಮ ಹದಿನಾಲ್ಕನೇ ಅಧ್ಯಾಯ. ಕಕ್ಷಿದಾರ ಬಂದು "ನಾನು ಖೋಟಾ ದಸ್ತಾವೇಜು ಮಾಡಿದ್ದೇನೆ, ನನ್ನ ಪರ ವಾದಿಸಿ" ಎಂದರೆ ಆ ಮಾತಿಗೆ ರಕ್ಷಣೆ ಇದೆ. ಅದೇ ಮನುಷ್ಯ "ಈ ಖೋಟಾ ಪತ್ರ ಇಟ್ಟುಕೊಂಡು ಆಸ್ತಿ ಹೊಡೆಯಬೇಕು, ದಾವೆ ಹೂಡಿ" ಎಂದರೆ ರಕ್ಷಣೆ ಇಲ್ಲ. ಕಳೆದುಹೋದ ಅಪರಾಧದ ಗುಟ್ಟು ಬೇರೆ, ಮುಂದೆ ಮಾಡಲಿರುವ ಅಪರಾಧಕ್ಕೆ ವಕೀಲನನ್ನೇ ಆಯುಧ ಮಾಡಿಕೊಳ್ಳುವುದು ಬೇರೆ.

ಆದ್ದರಿಂದ ಎಲ್ಲವೂ ಆ ಸೋದರಳಿಯನ ಮುಂದಿನ ವಾಕ್ಯದ ಮೇಲೆ ನಿಂತಿದೆ. "ಅತ್ತೆ ಕಾಶಿಗೆ ಹೋಗಿಲ್ಲ ಸರ್, ನನ್ನನ್ನು ಕಾಪಾಡಿ" ಎಂದರೆ ನಿಮ್ಮ ನಾಯಕ ನರಳಬಹುದು. "ಅತ್ತೆ ಕಾಶಿಗೆ ಹೋಗಿಲ್ಲ ಸರ್, ಗುರುವಾರದ್ದು ಮಾತ್ರ ತಪ್ಪಬಾರದು" ಎಂದರೆ ನರಳುವ ಹಕ್ಕು ಅವನಿಗಿಲ್ಲ. ಗುರುವಾರ ಅವನು ಉಪನೋಂದಣಾಧಿಕಾರಿಯ ಕಚೇರಿಗೆ ಹೋದರೆ ವಕೀಲನಾಗಿ ಹೋಗುವುದಿಲ್ಲ, ಆರೋಪಿಯಾಗಿ ಹೋಗುತ್ತಾನೆ.

ಸಂಶಯ ಪಿಶಾಚಿ:
ರಕ್ಷಣೆ ಇಲ್ಲ ಎಂದರೆ ಹೇಳಬಹುದು ಎಂದು ಅರ್ಥ. ಹೇಳಲೇಬೇಕು ಎಂದು ಆಗುತ್ತದೆಯೇ? ಆ ಎರಡನ್ನೂ ಒಂದೇ ಹಗ್ಗದಲ್ಲಿ ಕಟ್ಟುತ್ತಿದ್ದೀರಿ.

ಕರಿಕೋಟು:
ಒಳ್ಳೆಯ ಪ್ರಶ್ನೆ, ಪಿಶಾಚಿಯಿಂದ ನಿರೀಕ್ಷಿಸಿರಲಿಲ್ಲ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 39ನೇ ಕಲಂ ನೋಡಿ. ಕೊಲೆಯಂಥ ಕೆಲವು ಅಪರಾಧಗಳ ವಿಷಯ ತಿಳಿದ ಯಾವ ವ್ಯಕ್ತಿಯೇ ಆದರೂ ಹತ್ತಿರದ ಮ್ಯಾಜಿಸ್ಟ್ರೇಟರಿಗೋ ಪೊಲೀಸರಿಗೋ ತಿಳಿಸಬೇಕು, ಸಮಂಜಸ ಕಾರಣವಿದ್ದರೆ ಮಾತ್ರ ವಿನಾಯಿತಿ. ವಕೀಲನ ಗೋಪ್ಯತೆ "ಸಮಂಜಸ ಕಾರಣ" ಹೌದೋ ಅಲ್ಲವೋ ಎಂದು ನಮ್ಮ ವಕೀಲರ ಸಂಘದಲ್ಲಿ ಕಾಫಿ ಆರುವವರೆಗೆ ವಾದಿಸಬಹುದು. ನನ್ನ ಅಭಿಪ್ರಾಯ: ಮೊದಲನೆಯ ವಾಕ್ಯವಾದರೆ ಹೌದು, ಎರಡನೆಯದಾದರೆ ಅಲ್ಲ.

ಆ ನೂರಕ್ಕೆ ಐದರ ವಿಷಯ. ಗೆದ್ದರೆ ಇಷ್ಟು ಪಾಲು, ಬಂದದ್ದರಲ್ಲಿ ಇಷ್ಟು ಪಾಲು ಎಂದು ಶುಲ್ಕ ಗೊತ್ತುಮಾಡಿಕೊಳ್ಳುವುದನ್ನು ಬಾರ್ ಕೌನ್ಸಿಲ್ ನಿಯಮ ನಿಷೇಧಿಸಿದೆ. ಅದು ಮೊಕದ್ದಮೆಗೆ ಸಂಬಂಧಿಸಿದ ನಿಯಮ, ಇದು ಮಾರಾಟ ಎಂದು ಅವನು ವಾದಿಸಬಹುದು. ಶಿಸ್ತು ಸಮಿತಿ ಆ ವಾದವನ್ನು ಎಷ್ಟು ಹೊತ್ತು ಕೇಳುತ್ತದೆ ಎಂಬುದು ಬೇರೆ ಮಾತು.

ರಿಚ್‌ಮಂಡ್ ಟೌನ್ ಹಳಬ:
ಬಾವಿ, ಜಿಪಿಎ, "ಊರಲ್ಲಿಲ್ಲ" ಎನ್ನುವ ಸುಳ್ಳು. ಓದುತ್ತಿದ್ದಂತೆ ನನಗೆ ನೆನಪಾದದ್ದು ಸ್ವಾಮಿ ಶ್ರದ್ಧಾನಂದ ಪ್ರಕರಣ. ಕೊಲೆಯಾದವರು ಅವನ ಹೆಂಡತಿ, ಮೈಸೂರಿನ ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಮೊಮ್ಮಗಳು. 1991ರಲ್ಲಿ ಕಾಣೆಯಾದರು. ಕೇಳಿದವರಿಗೆಲ್ಲ ಅವನು ಒಂದೊಂದು ಊರಿನ ಹೆಸರು ಹೇಳುತ್ತಿದ್ದ. ಆಕೆಯ ಹೆಸರಿನ ಅಧಿಕಾರ ಪತ್ರ ಅವನ ಕೈಯಲ್ಲಿತ್ತು, ಆಸ್ತಿ ವ್ಯವಹಾರ ನಡೆದೇ ಇತ್ತು. 1994ರಲ್ಲಿ ರಿಚ್‌ಮಂಡ್ ರಸ್ತೆಯ ಅದೇ ಮನೆಯ ಅಂಗಳ ಅಗೆದಾಗ ಪೆಟ್ಟಿಗೆಯಲ್ಲಿ ಅಸ್ಥಿ ಸಿಕ್ಕಿತು. ಆ ರಸ್ತೆಯಲ್ಲೇ ನಾನು ದಿನಾ ಸೈಕಲ್ಲಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದೆ. ಆ ಕಾಂಪೌಂಡಿನ ಪಕ್ಕ ನಿಂತು ಎಷ್ಟೋ ಸಲ ಚೈನು ಹಾಕಿಕೊಂಡಿದ್ದೇನೆ.

ಕೆಳ ನ್ಯಾಯಾಲಯ, ಹೈಕೋರ್ಟು ಎರಡೂ ಗಲ್ಲು ಎಂದವು. 2008ರಲ್ಲಿ ಸುಪ್ರೀಂ ಕೋರ್ಟು ಅದನ್ನು ಸಾಯುವವರೆಗೆ ಬಿಡುಗಡೆ ಇಲ್ಲದ ಜೀವಾವಧಿಗೆ ಇಳಿಸಿತು. ಜೀವಾವಧಿ ಎಂದರೆ ಹದಿನಾಲ್ಕು ವರ್ಷ ಎಂದು ನಂಬಿರುವವರು ಈ ತೀರ್ಪು ಓದಬೇಕು.

ಕರಿಕೋಟು:
ಹಳಬರು ಹೇಳಿದ್ದರಲ್ಲಿ ಕಾದಂಬರಿಕಾರರಿಗೆ ಬೇಕಾದ ತಿರುಳು ಇದೆ. ಜಿಪಿಎ ಕೊಟ್ಟವರು ಸತ್ತ ಗಳಿಗೆಗೇ ಜಿಪಿಎ ಸಾಯುತ್ತದೆ. ಕರಾರು ಕಾಯ್ದೆಯ 201. ಉಯಿಲು ಇದ್ದರೆ ಸಾವು ಬೇಗ ಊರಿಗೆ ತಿಳಿಯಲಿ ಎಂದು ಕೊಲೆಗಾರ ಕಾಯುತ್ತಾನೆ. ಜಿಪಿಎ ಮಾತ್ರ ಇದ್ದರೆ ಸಾವು ತಿಳಿಯಲೇಬಾರದು. ನಿಮ್ಮ ಸೋದರಳಿಯ ಸತ್ತ ಅತ್ತೆಯನ್ನು ದಿನಾ ಬದುಕಿಸಿಡಬೇಕು. ಕಾಶಿಯಿಂದ ಕಾಗದ ಬರೆಸಬೇಕು, ಹಬ್ಬಕ್ಕೆ ಸೀರೆ ತರಬೇಕು. ನಿಮ್ಮ ವಕೀಲನ ನರಳಾಟಕ್ಕಿಂತ ಇದು ನೂರು ಪಾಲು ಭಯಾನಕ.

ಹರಟೆಮಲ್ಲ:
ಸತ್ತ ಅತ್ತೆಗೆ ಸೀರೆ ಆರಿಸುವ ದೃಶ್ಯ ಬರೆಯದಿದ್ದರೆ ಕಾದಂಬರಿ ಕೊಳ್ಳುವುದಿಲ್ಲ, ಈಗಲೇ ಹೇಳಿದ್ದೇನೆ.

ನೋಂದಣಿ ನರಸಿಂಹ:
ಕರಿಕೋಟು ಸರ್ ಅರ್ಧ ಹೇಳಿ ಬಿಟ್ಟರು. 201 ಒಂದೇ ಅಲ್ಲ, 208 ಕೂಡ ಇದೆ. ಮೂರನೆಯವರ ಮಟ್ಟಿಗೆ, ಸಾವು ಅವರಿಗೆ ತಿಳಿಯುವವರೆಗೆ ಏಜೆಂಟನ (ಇಲ್ಲಿ ಜಿಪಿಎ ಪಡೆದ ಸೋದರಳಿಯನ) ಅಧಿಕಾರ ಮುಗಿದಂತಲ್ಲ. ಏನೂ ಅರಿಯದೆ ಹಣ ಕೊಟ್ಟ ಕೊಳ್ಳುವವನು ಅದನ್ನೇ ಹಿಡಿದುಕೊಂಡು ವಾದಿಸುತ್ತಾನೆ.

ಕರಿಕೋಟು:
ಬಿಟ್ಟಿರಲಿಲ್ಲ ನರಸಿಂಹರೇ, ಮುಂದಿನ ಸಲಕ್ಕೆ ಇಟ್ಟುಕೊಂಡಿದ್ದೆ. ಈಗ ಇನ್ನೊಂದು ಹೆಜ್ಜೆ ಮುಂದೆ ಹೋಗಿ. ಅದೇ ಕಾಯ್ದೆಯ 229: ಏಜೆಂಟನಿಗೆ ಆ ವ್ಯವಹಾರದಲ್ಲಿ ತಿಳಿದದ್ದು ಯಜಮಾನನಿಗೂ ತಿಳಿದಂತೆ. ಕೊಳ್ಳುವವನಿಗೆ ಕಾಗದ ನೋಡಿಕೊಟ್ಟ ವಕೀಲ ಯಾರು? ನಮ್ಮ ನಾಯಕನೇ! ಮಂಗಳವಾರ ರಾತ್ರಿ ಅವನ ಕಿವಿಗೆ ಬಿದ್ದ ಮಾತು ಪಾಪದ ಕೊಳ್ಳುವವನ ಕಿವಿಗೂ ಬಿತ್ತು ಎಂದು ಅಜ್ಜಿಯ ವಾರಸುದಾರರು ವಾದಿಸುತ್ತಾರೆ. ಗೆಲ್ಲುತ್ತಾರೋ ಸೋಲುತ್ತಾರೋ, ಹತ್ತು ವರ್ಷ ನಡೆಯುವ ದಾವೆಯಂತೂ ಸಿಕ್ಕಿತು. ಎರಡೂ ಕಡೆ ಕಾಸು ತೆಗೆದುಕೊಂಡವನ ತಲೆಯೇ ಎರಡೂ ಕಡೆಗೆ ಸಾಕ್ಷಿ.

ಮೊದಲ ಕಾದಂಬರಿ:
ನಾನು ಖರ್ಚು ಉಳಿಸಲಿ ಎಂದು ಒಬ್ಬನೇ ವಕೀಲನನ್ನು ಇಟ್ಟುಕೊಂಡಿದ್ದೆ, ಪಾತ್ರ ಕಡಿಮೆಯಾಗಲಿ ಎಂದು. ಅದು ಇಷ್ಟು ದೊಡ್ಡ ಗಂಟು ಎಂದು ಗೊತ್ತಿರಲಿಲ್ಲ.

ಷಾರ್ಲೆಟ್ ಕನ್ನಡತಿ:
ಇಲ್ಲಿ ಪಕ್ಕದ ದಕ್ಷಿಣ ಕೆರೊಲಿನಾದಲ್ಲಿ ನಡೆದ ವಕೀಲ ಅಲೆಕ್ಸ್ ಮರ್ಡಾಕ್‌ನ ವಿಚಾರಣೆಯನ್ನು ಆರು ವಾರ ಟಿವಿಯಲ್ಲಿ ನೋಡಿದವಳು ನಾನು. ಅಜ್ಜ, ಅಪ್ಪ ಎಲ್ಲರೂ ಆ ಸೀಮೆಯ ಸರ್ಕಾರಿ ಅಭಿಯೋಜಕರು. ಅಜ್ಜನ ಭಾವಚಿತ್ರ ಅದೇ ನ್ಯಾಯಾಲಯದ ಗೋಡೆಯ ಮೇಲಿತ್ತು, ವಿಚಾರಣೆಗೆಂದು ಇಳಿಸಿಟ್ಟರು. ಮನೆಗೆಲಸದಾಕೆ ಸತ್ತಾಗ ಆಕೆಯ ಮಕ್ಕಳಿಗೆ ಬರಬೇಕಿದ್ದ 40 ಲಕ್ಷ ಡಾಲರಿಗೂ ಹೆಚ್ಚಿನ ವಿಮೆ ಹಣವನ್ನು ನುಂಗಿದ. ಹೇಗೆ? ನಿಜವಾಗಿ ಇರುವ ಸಂಸ್ಥೆಯೊಂದರ ಹೆಸರನ್ನು ಹೋಲುವ ಬ್ಯಾಂಕ್ ಖಾತೆ ತೆರೆದು. ಅಷ್ಟೇ. ಬಂದೂಕು ಬೇಕಾಗಲಿಲ್ಲ, ಒಂದು ಹೆಸರು ಸಾಕಾಯಿತು.

2021ರ ಜೂನ್ 7ರ ಬೆಳಿಗ್ಗೆ ಅವನ ಕಚೇರಿಯ ಲೆಕ್ಕ ನೋಡುವವರು ಬಾರದ ಶುಲ್ಕದ ಬಗ್ಗೆ ಕೇಳಿದರು. ಅದೇ ರಾತ್ರಿ ಅವರ ನಾಯಿಗೂಡಿನ ಬಳಿ ಹೆಂಡತಿ, ಮಗ ಇಬ್ಬರ ಕೊಲೆ. ತಾನು ನಾಯಿಗೂಡಿನ ಹತ್ತಿರ ಹೋಗಿಯೇ ಇರಲಿಲ್ಲ ಎಂದು ಹೇಳುತ್ತ ಬಂದ. ಮಗ ಸಾಯುವ ಕೆಲವು ನಿಮಿಷ ಮೊದಲು ಮೊಬೈಲಿನಲ್ಲಿ ತೆಗೆದ ವಿಡಿಯೋದಲ್ಲಿ ಅಪ್ಪನ ಧ್ವನಿ ಇತ್ತು. ಕಟಕಟೆಗೆ ಬಂದು ಸುಳ್ಳು ಹೇಳಿದ್ದೆ ಎಂದು ಒಪ್ಪಿಕೊಂಡ, ಕೊಲೆ ಮಾಡಿಲ್ಲ ಎಂದ. 2023ರ ಮಾರ್ಚಿನಲ್ಲಿ ಜ್ಯೂರಿ ಮೂರು ಗಂಟೆಯೊಳಗೆ ದೋಷಿ ಎಂದಿತು. ಮೇಲ್ಮನವಿಯ ಜಗಳ ಬೇರೆ. ಹಣದ ಮೋಸವನ್ನಂತೂ ಅವನೇ ಒಪ್ಪಿಕೊಂಡ, ಅದಕ್ಕೇ 27 ವರ್ಷ.

ಹೇಳಬಂದದ್ದು: ನಿಮ್ಮ ವಕೀಲ ತೀರಾ ಪಾಪದವನು. ಒಂದು ಸಲವಾದರೂ ಅವನೇ ಕದಿಯಲಿ.

ಧಾರವಾಡದ ಓದುಗ:
ಅಕ್ಕ ಹೇಳಿದ್ದಕ್ಕೆ ನನ್ನದೂ ಸಹಿ. ಕೆಸರಿನಲ್ಲಿ ಇಳಿದವನ ಕಾಲು ಒಣಗಿಯೇ ಇರುವ ಕಥೆ ನಂಬುವುದು ಕಷ್ಟ.

ಸಂಶಯ ಪಿಶಾಚಿ:
ನನಗೆ ಒಪ್ಪಿಗೆ ಇಲ್ಲ. ಅಮೆರಿಕದ ವಿಚಾರಣೆ ಆರು ವಾರದಲ್ಲಿ ಮುಗಿಯಿತು. ನಮ್ಮಲ್ಲಿ ಆರು ವಾರಕ್ಕೆ ಸಮನ್ಸು ಜಾರಿಯಾದರೆ ಅಮೀನನಿಗೆ ಹಾರ ಹಾಕಬೇಕು. ನಮ್ಮ ಅಪ್ಪ ನಿವೇಶನದ ದಾವೆ ಹೂಡಿದಾಗ ನಾನು ಆರನೇ ತರಗತಿ. ಈಗ ನನ್ನ ಮಗಳು ಆರನೇ ತರಗತಿ. ಎದುರು ಪಕ್ಷದ ವಕೀಲರು ಮೂರು ಸಲ ಬದಲಾದರು, ನಮ್ಮವರಿಗೆ ಶಸ್ತ್ರಚಿಕಿತ್ಸೆ ಆಯಿತು, ನಿವೇಶನದಲ್ಲಿ ಯಾರೋ ಗ್ಯಾರೇಜು ಹಾಕಿಕೊಂಡಿದ್ದಾರೆ. ಇದನ್ನು ಯಾವ ರೋಚಕ ಕಾದಂಬರಿ ಎನ್ನುತ್ತೀರಿ?

ನಿವೃತ್ತ ಬೆಂಚ್ ಕ್ಲರ್ಕ್:
ಮೂವತ್ತೊಂದು ವರ್ಷ ನ್ಯಾಯಾಧೀಶರ ಕೆಳಗೆ ಕೂತು ಕೇಸು ಕೂಗಿಸಿದವನು ನಾನು. ಪಿಶಾಚಿಯವರ ಸಂಕಟ ನಿಜ. ಆದರೆ ರೋಚಕತೆ ಇಲ್ಲ ಎನ್ನಬೇಡಿ, ಅದು ಬೇರೆ ಕಡೆ ಇರುತ್ತದೆ.

ಸಿನಿಮಾದವರಂತೆ ಸುತ್ತಿಗೆ ಬಡಿಸಬೇಡಿ, ನಮ್ಮ ಕೋರ್ಟುಗಳಲ್ಲಿ ಸುತ್ತಿಗೆಯೇ ಇಲ್ಲ. ವಕೀಲ ಎದ್ದು ಅರ್ಧ ಗಂಟೆ ಭಾಷಣ ಮಾಡುವುದೂ ಇಲ್ಲ. ಪಾಟೀ ಸವಾಲು ಹೇಗಿರುತ್ತದೆ ಎಂದರೆ, ವಕೀಲರು ಒಂದು ಪ್ರಶ್ನೆ ಕೇಳುತ್ತಾರೆ, ಸಾಕ್ಷಿ ಏನೋ ಗೊಣಗುತ್ತಾನೆ, ಸಾಹೇಬರು ಅದನ್ನು ಶುದ್ಧ ಮಾಡಿ ಬೆರಳಚ್ಚುಗಾರರಿಗೆ ಹೇಳಿ ಬರೆಸುತ್ತಾರೆ. ಫ್ಯಾನಿನ ಸದ್ದಿನಲ್ಲಿ ಅರ್ಧ ಕೇಳಿಸುವುದಿಲ್ಲ. ತಾಲ್ಲೂಕಿನಲ್ಲಿ ಕನ್ನಡದಲ್ಲಿ ದಾಖಲಾಗುವ ಹೇಳಿಕೆ ನೋಡಿದ್ದೀರಾ? "ಸದರಿ ದಿನ ನಾನು ಮನೆಯಲ್ಲಿ ಇರಲಿಲ್ಲ ಎಂದರೆ ಸರಿಯಲ್ಲ. ಬಾವಿಯನ್ನು ನಾನೇ ಮುಚ್ಚಿಸಿದೆ ಎಂದರೆ ಸರಿ. ನಾನು ಸುಳ್ಳು ಸಾಕ್ಷಿ ನುಡಿಯುತ್ತಿದ್ದೇನೆ ಎಂದರೆ ಸರಿಯಲ್ಲ." ಹತ್ತು "ಸರಿಯಲ್ಲ"ಗಳ ನಡುವೆ ಒಂದು "ಸರಿ" ನುಸುಳುತ್ತದೆ. ಆ ಒಂದು ಶಬ್ದಕ್ಕೆ ಮನುಷ್ಯ ಒಳಗೆ ಹೋದದ್ದನ್ನು ನೋಡಿದ್ದೇನೆ. ಹೇಳಿದವನಿಗೆ ಆಗ ಗೊತ್ತೇ ಆಗಿರಲಿಲ್ಲ, ಹೊರಗೆ ಹೋಗಿ ಬೀಡಿ ಹಚ್ಚಿದ.

ಒಂದು ತಿದ್ದುಪಡಿ. ನಿಮ್ಮ ವಕೀಲ ಆ ಜಿಪಿಎಗೆ ಸಾಕ್ಷಿಯಾಗಿ ರುಜು ಹಾಕಿದ್ದರೆ, ಮುಂದೆ ಅದೇ ಪತ್ರ ವಿವಾದವಾದಾಗ ಅವನು ಸೋದರಳಿಯನ ಪರ ವಕಾಲತ್ತು ಹಾಕುವಂತಿಲ್ಲ. ತಾನೇ ಸಾಕ್ಷಿಯಾಗಬೇಕಾದ ಕೇಸನ್ನು ವಕೀಲರು ಹಿಡಿಯಬಾರದು.

ಹರಟೆಮಲ್ಲ:
ಸಾರ್, ಕೋರ್ಟಿನ ಕ್ಯಾಂಟೀನಿನಲ್ಲಿ ಈಗಲೂ ಉದ್ದಿನ ವಡೆ ಹಾಗೇ ಇದೆಯೇ?

ನಿವೃತ್ತ ಬೆಂಚ್ ಕ್ಲರ್ಕ್:
ತೂತು ದೊಡ್ಡದಾಗಿದೆ.

ಬಿಕ್ಕಲಂ:
ನಾನು ಪತ್ರ ಬರೆಯುವವನು. ಹೆಸರಿನಲ್ಲೇ ಇದೆ. (ಗೊತ್ತಿಲ್ಲದವರಿಗೆ: ಹಳೆಯ ಕ್ರಯಪತ್ರಗಳ ಕೊನೆಯಲ್ಲಿ "ಬಿಕ್ಕಲಂ" ಎಂದು ಬರೆದವನ ರುಜು ಇರುತ್ತದೆ.) ಇಲ್ಲಿ ಎಲ್ಲರೂ ಕಲಂ ಕಲಂ ಎನ್ನುತ್ತಿದ್ದೀರಿ, ಕಾಗದ ನೋಡುವವರು ಯಾರೂ ಇಲ್ಲ.

ಅಕ್ಕನವರು ವಕೀಲನೂ ಕದಿಯಲಿ ಎಂದರು. ಹಾಗಾದರೆ ಅವನ ಕೈಯಲ್ಲಿ ಒಂದು ಹಳೆಯ ಪತ್ರ ಹುಟ್ಟಿಸಿ. ಅಜ್ಜಿಯ ಗಂಡ ಸೋದರಳಿಯನ ತಂದೆಗೆ ಮನೆಯ ಅರ್ಧ ಭಾಗ ಕೊಟ್ಟಿದ್ದರು ಎಂದು, 1971ರ ತಾರೀಕು ಹಾಕಿ. ಹಳೆಯ ಛಾಪಾ ಕಾಗದ ಸಂಪಾದಿಸುವುದು ಆ ಕಾಲಕ್ಕೆ ಕಷ್ಟವಿರಲಿಲ್ಲ. ಚಹಾದ ಡಿಕಾಕ್ಷನ್ನಿನಲ್ಲಿ ಅದ್ದಿ ಒಣಗಿಸುವವರನ್ನೂ ಕೇಳಿದ್ದೇನೆ.

ಸಿಕ್ಕಿಬೀಳುವುದು ಹೀಗೆ. ಹಿಂದೊಮ್ಮೆ ಒಬ್ಬರು ನನ್ನ ಮೇಜಿನ ಮೇಲೆ ಅಂಥದೇ ಪತ್ರ ಹರಡಿ "ನಕಲು ಬರೆದುಕೊಡಿ" ಎಂದರು. ಕಾಗದ ಹಳದಿ, ಮಡಿಕೆಯಲ್ಲಿ ಹರಿದಿದೆ, ಶಾಯಿ ಮಾಸಿದೆ. ಎಲ್ಲ ಚೆನ್ನ. ವಿಳಾಸ ಓದಿದೆ: ಬಸವನಗುಡಿ, ಬೆಂಗಳೂರು 560 004. ಪಿನ್‌ಕೋಡ್ ಬಂದದ್ದೇ 1972ರ ಆಗಸ್ಟ್ 15ರಂದು. ಪತ್ರದ ತಾರೀಕು ಅದಕ್ಕೂ ಒಂದು ವರ್ಷ ಹಿಂದಿನದು. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಓದಿದೆ. ಕೆಳಗೆ "ಕರ್ನಾಟಕ ರಾಜ್ಯ" ಎಂದೂ ಇತ್ತು. 1973ರ ನವೆಂಬರ್ 1ರವರೆಗೆ ನಾವು ಮೈಸೂರು ರಾಜ್ಯ. ಪತ್ರವನ್ನು ಮಡಚಿ ವಾಪಸು ಕೊಟ್ಟು, "ನನಗೆ ಕೈ ನೋವು, ಬೇರೆಯವರನ್ನು ನೋಡಿ" ಎಂದೆ.

ಧಾರವಾಡದ ಓದುಗ:
ಎರಡನೆಯದಕ್ಕೆ ಆಕ್ಷೇಪ. ಕರ್ನಾಟಕ ಎಂಬ ಹೆಸರನ್ನು ನಮ್ಮ ಕಡೆಯವರು ಸರ್ಕಾರಕ್ಕಿಂತ ಮೊದಲೇ ಬಳಸುತ್ತಿದ್ದರು. ಏಕೀಕರಣಕ್ಕೆ ಹೋರಾಡಿದ ಜನ ಕಾಗದದಲ್ಲಿ ಕರ್ನಾಟಕ ಎಂದು ಬರೆದಿದ್ದರೆ ಅದು ಖೋಟಾ ಎನ್ನಲಾಗದು.

ಬಿಕ್ಕಲಂ:
ಬಸವನಗುಡಿಯ ಪತ್ರ ಬರಹಗಾರ ಹೋರಾಟ ಮಾಡುತ್ತ ಕ್ರಯಪತ್ರ ಬರೆಯುವುದಿಲ್ಲ ಸ್ವಾಮಿ, ಹಿಂದಿನ ಪತ್ರ ನೋಡಿ ಬರೆಯುತ್ತಾನೆ. ಆದರೂ ನಿಮ್ಮ ಮಾತು ಎದುರು ವಕೀಲನ ಬಾಯಲ್ಲಿ ಚೆನ್ನಾಗಿರುತ್ತದೆ. ಪಿನ್‌ಕೋಡಿಗೆ ಏನು ಹೇಳುತ್ತೀರಿ?

ಧಾರವಾಡದ ಓದುಗ:
ಅದಕ್ಕೆ ಸುಮ್ಮನಿರುತ್ತೇನೆ.

ಸಂಶಯ ಪಿಶಾಚಿ:
ಛಾಪಾ ಕಾಗದಕ್ಕೆ ಆರು ತಿಂಗಳಷ್ಟೇ ಆಯುಸ್ಸು. ಹಳೆಯ ಕಾಗದದಲ್ಲಿ ಬರೆದರೆ ಅಲ್ಲೇ ಬಿದ್ದುಹೋಗುತ್ತದೆ, ಇಷ್ಟು ಪತ್ತೇದಾರಿ ಏಕೆ?

ನೋಂದಣಿ ನರಸಿಂಹ:
ಈ ಆರು ತಿಂಗಳ ಕಥೆ ಸಾಯುವುದೇ ಇಲ್ಲ. ಆರು ತಿಂಗಳು ಇರುವುದು ಬಳಸದ ಕಾಗದ ಹಿಂದಿರುಗಿಸಿ ಹಣ ವಾಪಸು ಪಡೆಯಲು. ಬರೆಯಲು ಅಲ್ಲ. ಸುಪ್ರೀಂ ಕೋರ್ಟು 2008ರಲ್ಲಿ ಬಿಡಿಸಿ ಹೇಳಿದೆ. ಕಾಗದ ಹಳೆಯದಾದ ಮಾತ್ರಕ್ಕೆ ಪತ್ರ ಅಸಿಂಧುವಲ್ಲ, ಅನುಮಾನಕ್ಕೆ ಒಂದು ಕಾರಣ ಅಷ್ಟೇ. ಕಾಗದದ ಬೆನ್ನು ತಿರುಗಿಸಿ ನೋಡಬೇಕು: ಮಾರಾಟಗಾರನ ಮುದ್ರೆ, ಕ್ರಮಸಂಖ್ಯೆ, ಕೊಂಡವರ ಹೆಸರು, ತಾರೀಕು. ಮಾರಾಟಗಾರನ ಪುಸ್ತಕದಲ್ಲಿ ಆ ಸಂಖ್ಯೆಯ ಎದುರು ಬೇರೆಯವರ ಹೆಸರಿದ್ದರೆ ಮುಗಿಯಿತು.

ಇನ್ನೊಂದು. 1996 ಒಳ್ಳೆಯ ಆಯ್ಕೆ. ಭಾವಚಿತ್ರ, ಬೆರಳಚ್ಚು ಪತ್ರಕ್ಕೇ ಅಂಟಿಸಬೇಕು ಎಂಬ ನೋಂದಣಿ ಕಾಯ್ದೆಯ 32ಎ ಕಲಂ ಬಂದದ್ದು 2001ರ ತಿದ್ದುಪಡಿಯಲ್ಲಿ. ಅದಕ್ಕೂ ಮೊದಲು ಗುರುತಿಸುವ ಇಬ್ಬರು "ಇವರೇ ಅವರು" ಎಂದರೆ ಅವರೇ. ವಕೀಲರ ಗುಮಾಸ್ತರೇ ಆ ರುಜು ಹಾಕುತ್ತಿದ್ದುದು ಎಲ್ಲರಿಗೂ ಗೊತ್ತು. ತಲೆ ತುಂಬ ಸೆರಗು ಹೊದ್ದ ಯಾವ ಅಜ್ಜಿಯಾದರೂ ನಡೆಯುತ್ತಿತ್ತು.

ಮೊದಲ ಕಾದಂಬರಿ:
ತಲೆ ಗಿರ್ರೆನ್ನುತ್ತಿದೆ, ಆದರೆ ಸಂತೋಷದಿಂದ. ಒಂದೇ ಗೊಂದಲ. ಅಜ್ಜಿ ಸತ್ತದ್ದು ಹೊರಗೆ ಬರುವುದು ಹೇಗೆ? ಬಾವಿ ಅಗೆಯುವವರೆಗೆ ಯಾರಿಗೂ ಅನುಮಾನವೇ ಇಲ್ಲ. ಏಳು ವರ್ಷ ಕಾಣದಿದ್ದರೆ ಸತ್ತಂತೆ ಎನ್ನುತ್ತಾರಲ್ಲ, ಅಲ್ಲಿಯವರೆಗೆ ಕಥೆ ಎಳೆಯಲೇ?

ಕರಿಕೋಟು:
ಏಳು ವರ್ಷದಿಂದ ನಿಮಗೆ ಉಪಯೋಗವಿಲ್ಲ. ಸತ್ತಿದ್ದಾರೆ ಎಂದು ಊಹಿಸಲು ಕಾಯ್ದೆ ಬಿಡುತ್ತದೆ, ಯಾವ ದಿನ ಸತ್ತರು ಎಂದು ಊಹಿಸಲು ಬಿಡುವುದಿಲ್ಲ. ನಿಮಗೆ ಬೇಕಾದದ್ದು ದಿನ. ನೋಂದಣಿಯ ಗುರುವಾರಕ್ಕಿಂತ ಮೊದಲೋ, ಆಮೇಲೋ? ಮನೆಯೂ ಮಾನವೂ ಅದೊಂದರ ಮೇಲೆ.

ಎಣಿಸುವ ಕೈ:
ನಾನು ಬ್ಯಾಂಕಿನಲ್ಲಿ ಪಿಂಚಣಿ ವಿಭಾಗ ನೋಡಿಕೊಂಡವಳು. ನೀವೇ ಮೊದಲ ಸಾಲಿನಲ್ಲಿ ಉತ್ತರ ಬರೆದು ಮರೆತಿದ್ದೀರಿ. ರೈಲ್ವೆ ಪಿಂಚಣಿ!

ಪ್ರತಿ ನವೆಂಬರಿಗೆ ಪಿಂಚಣಿದಾರರು ತಾವು ಬದುಕಿದ್ದೇವೆ ಎಂಬ ಪ್ರಮಾಣಪತ್ರ ಕೊಡಬೇಕು. ಬರಲಾಗದವರ ಮನೆಗೆ ನಾವೇ ಹೋಗುತ್ತಿದ್ದೆವು. ಒಂದು ಮನೆಯಲ್ಲಿ ಸೊಸೆ "ಅತ್ತೆ ಮಲಗಿದ್ದಾರೆ, ಹೆಬ್ಬೆಟ್ಟು ಒತ್ತಿಸಿಕೊಂಡು ಬರುತ್ತೇನೆ, ಇಲ್ಲೇ ಕೂರಿ" ಎಂದು ಕಾಗದ ಒಳಗೆ ಒಯ್ದಳು. ನನಗೆ ಕಾಫಿ ಬಂತು. ಕಾಗದವೂ ಬಂತು. ಹೆಬ್ಬೆಟ್ಟಿನ ಗುರುತು ಕಡುನೀಲಿ, ಸ್ಪಷ್ಟ, ಗೆರೆಗಳು ಒಂದೂ ತುಂಡಾಗಿರಲಿಲ್ಲ. ಎಂಬತ್ತು ದಾಟಿದ, ಜೀವನವಿಡೀ ಪಾತ್ರೆ ತಿಕ್ಕಿದ ಕೈಯ ಗುರುತು ಹಾಗೆ ಬರುವುದಿಲ್ಲ, ನಡುನಡುವೆ ಬಿಳಿ ಬಿರುಕು ಇರುತ್ತದೆ. ಸೊಸೆಯ ಬೆರಳ ತುದಿ ನೋಡಿದೆ. ಅವಳು ಸೆರಗಿನೊಳಗೆ ಕೈ ಎಳೆದುಕೊಂಡಳು. ಅತ್ತೆ ಸತ್ತು ಎರಡು ತಿಂಗಳಾಗಿತ್ತು. ಅಲ್ಲಿ ಕೊಲೆಯೇನೂ ಇರಲಿಲ್ಲ, ಬಡತನವಿತ್ತು. ವಾಪಸು ಬರುವಾಗ ದಾರಿಯುದ್ದಕ್ಕೂ ಆ ಕಾಫಿ ಗಂಟಲಲ್ಲೇ ಇತ್ತು.

ನಿಮ್ಮ ಸೋದರಳಿಯ ಆ ನಾಲ್ಕು ಕಾಸಿನ ಪಿಂಚಣಿಯ ಆಸೆ ಬಿಡುವುದಿಲ್ಲ. ಬಿಟ್ಟರೂ ಕಷ್ಟ, ಪಿಂಚಣಿ ನಿಂತರೆ ಅಜ್ಜಿ ಎಲ್ಲಿ ಎಂದು ಕಡತ ಕೇಳುತ್ತದೆ. ನವೆಂಬರ್ ಬಂದಾಗ ಅವನು ಯಾರ ಬಳಿಗೆ ಓಡುತ್ತಾನೆ? ಪ್ರಮಾಣಪತ್ರಕ್ಕೆ ಯಾರಿಂದ ರುಜು ಹಾಕಿಸಲು ನೋಡುತ್ತಾನೆ?

ಕರಿಕೋಟು:
ಮೇಡಂ, ನಮಸ್ಕಾರ. ಇಷ್ಟು ಹೊತ್ತು ನಾನು ಕಲಂ ಎಣಿಸಿದ್ದು ವ್ಯರ್ಥ. "ಈಕೆ ನನ್ನ ಎದುರಿಗೆ ಹೆಬ್ಬೆಟ್ಟು ಒತ್ತಿದರು" ಎಂದು ರುಜು ಹಾಕಿದ ಗಳಿಗೆಯಲ್ಲಿ ವಕೀಲ ಮೋಸಕ್ಕೂ ಸೇರಿದ, ಕೊಲೆಯ ಸಾಕ್ಷ್ಯ ಮರೆಮಾಚಿದ್ದಕ್ಕೂ ಸೇರಿದ.

ಮೊದಲ ಕಾದಂಬರಿ:
ಮೂರು ಅಧ್ಯಾಯದ ನರಳಾಟ ತೆಗೆದುಹಾಕಿದೆ. ಮಂಗಳವಾರ ರಾತ್ರಿ ಈಗ ಬೇರೆ ಆಗಿದೆ. ಹೊರಗೆ ಮಳೆ, ವಕೀಲನ ಮೇಜಿನ ಮೇಲೆ ಶಾಯಿ ಪ್ಯಾಡು ತೆರೆದಿದೆ, ಸೋದರಳಿಯ ಕಾಶಿಯ ಮಾತೇ ಎತ್ತುವುದಿಲ್ಲ. ಎರಡು ಕಾಗದ ಮುಂದಿಡುತ್ತಾನೆ, ಒಂದು ಗುರುವಾರದ ಕ್ರಯಪತ್ರ, ಇನ್ನೊಂದು ಪಿಂಚಣಿಯದು. ಎರಡನೆಯದರಲ್ಲಿ ಹೆಬ್ಬೆಟ್ಟು ಆಗಲೇ ಇದೆ. ವಕೀಲ ಅದನ್ನು ದೀಪದ ಕೆಳಗೆ ಹಿಡಿದು ಬಿಳಿ ಬಿರುಕು ಹುಡುಕುತ್ತಾನೆ.

ಎಣಿಸುವ ಕೈ ಮೇಡಂ, ನಿಮ್ಮ ಬಿರುಕನ್ನು ಬಳಸಿಕೊಂಡಿದ್ದೇನೆ, ಅಪ್ಪಣೆ ಇದೆಯೇ?

ಎಣಿಸುವ ಕೈ:
ಇದೆ. ಕಾಫಿಯನ್ನು ಮಾತ್ರ ಬಿಟ್ಟುಬಿಡಿ, ಅದು ನನ್ನದು.

ನೋಂದಣಿ ನರಸಿಂಹ:
ಮಂಗಳವಾರ ರಾತ್ರಿ ನವೆಂಬರಿನಲ್ಲಿ ಮಳೆಯೇ?

ರಿಚ್‌ಮಂಡ್ ಟೌನ್ ಹಳಬ:
ಬೆಂಗಳೂರಿನಲ್ಲಿ ನವೆಂಬರ್ ಮಳೆ ನೋಡಿಲ್ಲವೇ ನೀವು? ಯಾವ ಊರಿನವರು ಸ್ವಾಮಿ?

ಬಿಕ್ಕಲಂ:
ಮಳೆ ಇರಲಿ. ಹೆಬ್ಬೆಟ್ಟು ಎಡಗೈಯದೋ ಬಲಗೈಯದೋ, ಅದನ್ನು ಮೊದಲು ಬರೆಯಿರಿ.